ಇನ್ನೂ ಮುಗಿದಿಲ್ಲ ಅಲ್ವಾ? ಒಂದು ಜನಜಂಗುಳಿಯ ಗೆರೆಚಿತ್ರದ ಪ್ರಕರಣ

ಕೆಲವು ತಿಂಗಳ ಹಿಂದೆ ಚಿತ್ರ ಬಿಡಿಸುವ ಒಂದಷ್ಟು ಮಂದಿ ಒಂದು ಕೋಣೆಯಲ್ಲಿ ಸೇರಿದ್ದೆವು. ಎಲ್ಲರೂ ತಮ್ಮ ಸ್ಕೆಚ್ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡುವುದು, ಉಳಿದವರು ನೋಡಿ ಮಾತಾಡುವುದು, ಅಷ್ಟೇ. ನನ್ನ ಗೆಳತಿ ತೆರೆದಿಟ್ಟ ಪುಟದಲ್ಲಿ ಒಂದು ರೈಲು ನಿಲ್ದಾಣದ ಮುಂದಿನ ಚೌಕವಿತ್ತು. ತುಂಬಾ ಜನ. ಬರೀ ಪೆನ್ನಿನ ಗೆರೆ. ಬಣ್ಣವಿಲ್ಲ, ನೆರಳಿಲ್ಲ. ನೋಡುತ್ತಾ ನಿಂತಿದ್ದ ಒಬ್ಬರು ಪ್ರೀತಿಯಿಂದಲೇ ಕೇಳಿದರು: "ಚೆನ್ನಾಗಿದೆ. ಇನ್ನೂ ಮುಗಿದಿಲ್ಲ ಅಲ್ವಾ?"

"ಮುಗಿದಿದೆ" ಅಂದಳು ಗೆಳತಿ. ಎಲ್ಲರೂ ಮುಂದಿನ ಪುಸ್ತಕದ ಕಡೆ ಹೋದರು.

ನಾನು ಅಲ್ಲೇ ನಿಂತೆ. ಆ ಪ್ರಶ್ನೆ ನನ್ನ ಬಾಯಲ್ಲೂ ಇತ್ತು. ಚಿತ್ರ ಹಿಡಿಸಿತ್ತು, ಆದರೆ ಯಾಕೆ ಹಿಡಿಸಿತು ಅಂತ ಕೇಳಿದ್ದರೆ "ಸರಳವಾಗಿದೆ, ಚೆನ್ನಾಗಿದೆ" ಅನ್ನುವುದನ್ನು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಸರಳ ಅನ್ನುವುದನ್ನು ನಾವು ಸುಮ್ನೆ ಹೇಳಿಬಿಡುತ್ತೇವೆ. ಆ ಪುಟದಲ್ಲಿ ಸರಳ ಅನ್ನುವುದು ಎಲ್ಲಿದೆ, ಅದು ಏನು ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕು ಅನ್ನಿಸಿತು. ಅವಳನ್ನು ಕೇಳಿ ಪುಸ್ತಕವನ್ನು ಒಂದು ತಿಂಗಳ ಮಟ್ಟಿಗೆ ಮನೆಗೆ ತಂದೆ. ಆ ಪುಟದ ಹತ್ತು ನಕಲು ತೆಗೆಸಿದೆ. ತಿಂಗಳು ಮುಗಿಯುವವರೆಗೆ ಚಿತ್ರದ ಬಗ್ಗೆ ನನಗೆ ಏನೂ ಹೇಳಬೇಡ ಅಂತ ಅವಳಿಂದ ಮಾತು ತೆಗೆದುಕೊಂಡೆ.

ಆ ತಿಂಗಳು ಏನು ಮಾಡಿದೆ, ಏನು ಕಂಡಿತು ಅನ್ನುವುದೇ ಈ ಬರಹ.

ಪುಟದಲ್ಲಿ ಇರುವುದು

ಎ5 ಅಳತೆಯ ಪುಸ್ತಕ. ಚಿತ್ರ ಎದುರುಬದುರು ಎರಡು ಪುಟಕ್ಕೂ ಹರಡಿದೆ. ಸುಮಾರು 30 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರ. ಪೆನ್ನು 0.3 ಮಿಲಿಮೀಟರಿನ ಫೈನ್‌ಲೈನರ್. ಮೂಲೆಯಲ್ಲಿ ಅವಳೇ ಬರೆದುಕೊಂಡ ಟಿಪ್ಪಣಿ ಇದೆ: 35 ನಿಮಿಷ.

ಮೇಲ್ಭಾಗದಲ್ಲಿ ನಿಲ್ದಾಣದ ಕಟ್ಟಡ. ಅದೂ ಅರ್ಧಂಬರ್ಧ. ಉದ್ದಕ್ಕೆ ಒಂದು ಸೂರಿನ ಗೆರೆ, ನಾಲ್ಕು ಕಮಾನು, ಒಂದು ದುಂಡನೆಯ ಗಡಿಯಾರ. ಗಡಿಯಾರಕ್ಕೆ ಮುಳ್ಳಿಲ್ಲ. ಮಿಕ್ಕಿದ್ದೆಲ್ಲ ಜನ. ಎಣಿಸಿದೆ, 58 ಮಂದಿ ಸಿಕ್ಕರು. ಅವರಾಚೆ ಕಮಾನುಗಳ ಬುಡದಲ್ಲಿ ಒಂದೇ ಒಂದು ಗೆರೆ ಉಬ್ಬುತ್ತಾ ತಗ್ಗುತ್ತಾ ಹೋಗಿದೆ. ಉಳಿದದ್ದನ್ನೆಲ್ಲ ಕೈಯಿಂದ ಮುಚ್ಚಿ ಅದೊಂದನ್ನೇ ನೋಡಿದರೆ ದೂರದ ಗುಡ್ಡಸಾಲು ಅನ್ನಬಹುದು. ಕೈ ತೆಗೆದರೆ ಆ ಉಬ್ಬುಗಳೆಲ್ಲ ತಲೆಗಳು. 58 ಜನರನ್ನು ದಾಟಿ ಬಂದ ಕಣ್ಣು ಅಲ್ಲಿ ಬೇರೇನನ್ನೂ ಕಾಣಲು ಒಪ್ಪುವುದಿಲ್ಲ.

58ರಲ್ಲಿ ಮುಖ ಅನ್ನುವುದು ಇರುವುದು ಮೂವರಿಗೆ. ಒಬ್ಬರಿಗೆ ಮೂಗು, ಒಬ್ಬರಿಗೆ ಕನ್ನಡಕ, ಒಬ್ಬರಿಗೆ ಗಡ್ಡ. ಎರಡೂ ಪಾದ ಸಿಕ್ಕವರು 19 ಮಂದಿ. ಎಡಗಡೆ ಒಬ್ಬಾತನಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ. ಇನ್ನು ಪುಟದ ನಡುಮಧ್ಯದಲ್ಲಿ, ಅಡ್ಡಕ್ಕೆ ಮಲಗಿದ ಮೊಟ್ಟೆಯ ಆಕಾರದಲ್ಲಿ, ಅಂಗೈಯಗಲದ ಖಾಲಿ ಜಾಗ. ಮುಗಿದಿಲ್ಲ ಅನ್ನಿಸಲು ನನಗೆ ಮುಖ್ಯ ಕಾರಣ ಅದೇ. ಸಮಯ ಸಾಲದೆ ಬಿಟ್ಟಿದ್ದಾಳೆ ಅಂದುಕೊಂಡೆ.

ಈ ಪ್ರಶ್ನೆಗೆ ವಯಸ್ಸಾಗಿದೆ

1874ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಕೆಲವು ಚಿತ್ರಕಾರರು ಸೇರಿ ತಾವೇ ಒಂದು ಪ್ರದರ್ಶನ ಮಾಡಿದರು. ಮುಂದೆ ಇಂಪ್ರೆಷನಿಸ್ಟರು ಅಂತ ಹೆಸರಾದವರು ಇವರೇ. ಅಲ್ಲಿ ಕ್ಲೋದ್ ಮೊನೆ ಬರೆದ ಒಂದು ಬೀದಿಯ ಚಿತ್ರವಿತ್ತು. ಬುಲವಾರ್ ದೆ ಕಾಪುಸಿನ್ ಎಂಬ ಅಗಲದ ರಸ್ತೆಯನ್ನು ಮೇಲಿನ ಮಹಡಿಯಿಂದ ಕಂಡ ನೋಟ. ಕೆಳಗೆ ನಡೆಯುವ ಜನರೆಲ್ಲ ಕುಂಚದ ಸಣ್ಣ ಸಣ್ಣ ಗೀಟುಗಳು. ಲೂಯಿ ಲೆರ್ವಾ ಎಂಬ ವಿಮರ್ಶಕ ಪತ್ರಿಕೆಯಲ್ಲಿ ಅದನ್ನು ಹಾಸ್ಯ ಮಾಡಿದ. ಅವನ ಬರಹದಲ್ಲಿ ಒಬ್ಬ ಹಳೇ ಕಾಲದ ಚಿತ್ರಕಾರ ಪಾತ್ರವಾಗಿ ಬಂದು, ಕೆಳಗೆ ಕಾಣುವ ಈ ಕಪ್ಪು ನೆಕ್ಕಿದ ಗುರುತುಗಳು ಏನು ಅಂತ ಕೇಳುತ್ತಾನೆ. ನಡೆಯುವ ಜನ ಅಂತ ಉತ್ತರ ಬಂದಾಗ, ಆ ರಸ್ತೆಯಲ್ಲಿ ನಡೆಯುವಾಗ ನಾನು ಹೀಗೆ ಕಾಣುತ್ತೇನಾ ಅಂತ ಸಿಟ್ಟಾಗುತ್ತಾನೆ.

ಹೌದು, ಹಾಗೇ ಕಾಣುತ್ತೇವೆ. ಮಹಡಿಯಿಂದ ನೋಡಿದವರಿಗೆ ನಾವು ಒಂದು ಓರೆ ಗೀಟು, ಅದರ ತುದಿಗೆ ಒಂದು ಚುಕ್ಕೆ. ಆ ಚಿತ್ರಕಾರನ ಸಿಟ್ಟು ನನಗೆ ಅರ್ಥವಾಗುತ್ತದೆ. ಜನರನ್ನು ಬರೆಯುವುದು ಅಂದರೆ ಒಬ್ಬೊಬ್ಬರನ್ನೂ ಪೂರ್ತಿ ಬರೆದು ಅಂಥ ಐವತ್ತು ಜನರನ್ನು ಜೋಡಿಸುವುದು ಅಂತ ನಾನೂ ನಂಬಿದ್ದೆ. ಆ ನಂಬಿಕೆಯಿಂದ ನೋಡಿದರೆ ಗೆಳತಿಯ ಪುಟದಲ್ಲಿ ಮುಗಿದವರು ಒಬ್ಬರೂ ಇಲ್ಲ.

ಬೆರಳಿಟ್ಟು ನೋಡಿದ್ದು

ಮೊದಲ ವಾರ ಕಣ್ಣನ್ನು ನಂಬಿದೆ. ದಿನಾ ಹತ್ತು ನಿಮಿಷ ನೋಡುತ್ತಿದ್ದೆ. ಏನೂ ಹೊಸದು ಸಿಗಲಿಲ್ಲ. ಕಣ್ಣು ಬಹಳ ಬೇಗ ಓಡುತ್ತದೆ. ಮನುಷ್ಯ, ಮನುಷ್ಯ, ಚೀಲ, ಕೊಡೆ ಅಂತ ಹೆಸರು ಹೇಳಿಕೊಂಡು ಮುಂದೆ ಹೋಗಿಬಿಡುತ್ತದೆ.

ಎರಡನೇ ವಾರ ಒಂದು ನಕಲಿನ ಮೇಲೆ ಪಾರದರ್ಶಕ ಕಾಗದ ಹಾಕಿ, ಪೆನ್ಸಿಲ್ಲಿನಿಂದ ಅವಳ ಗೆರೆಯ ಮೇಲೇ ಗೆರೆ ಎಳೆಯತೊಡಗಿದೆ. ಆಗ ಎಲ್ಲ ಬದಲಾಯಿತು. ಕೈ ಕಣ್ಣಿನಂತೆ ಓಡಲಾರದು. ಅವಳು ಎಲ್ಲಿ ತಿರುಗಿದಳೋ ಅಲ್ಲಿ ತಿರುಗಬೇಕು, ಎಲ್ಲಿ ನಿಂತಳೋ ಅಲ್ಲಿ ನಿಲ್ಲಬೇಕು.

ಬಲಗಡೆ ಮುಂದೆ ಒಬ್ಬ ದೊಡ್ಡ ಆಳು ಇದ್ದಾನೆ. ತಲೆಗೆ ಟೋಪಿ, ಕೈಯಲ್ಲಿ ಚೀಲ. ಟೋಪಿಯ ಹಿಂಭಾಗದಿಂದ ಪೆನ್ಸಿಲ್ ಇಟ್ಟೆ. ಕುತ್ತಿಗೆ, ಭುಜ, ಮೊಣಕೈಯ ಬಾಗು, ಮುಂಗೈ. ಅಲ್ಲಿಂದ ಚೀಲದ ಹಿಡಿ, ಚೀಲದ ಬದಿ. ಚೀಲ ಮುಗಿಯುವ ಜಾಗದಲ್ಲಿ ಪೆನ್ಸಿಲ್ ಎತ್ತಬೇಕು ಅಂದುಕೊಂಡೆ. ಆದರೆ ಗೆರೆ ನಿಲ್ಲಲಿಲ್ಲ. ಚೀಲದ ತಳದಿಂದ ಹಾಗೇ ಮೇಲಕ್ಕೆ ಹೊರಳಿ, ಪಕ್ಕದಲ್ಲಿ ನಡೆಯುವ ಹೆಂಗಸಿನ ಸೊಂಟವಾಯಿತು, ಬೆನ್ನಾಯಿತು, ಹೆಗಲಾಯಿತು. ಟೋಪಿಯಿಂದ ಅವಳ ಹೆಗಲಿನವರೆಗೆ ಒಂದೇ ಗೆರೆ. ಇಬ್ಬರಿಗೂ ಸೇರಿ ಒಂದು.

ನಾನು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಇಬ್ಬರನ್ನು ನಾನು ಮೊದಲ ದಿನದಿಂದ ನೋಡುತ್ತಿದ್ದೆ. ಅವರು ಜೊತೆಗಾರರು ಅಂತ ನನಗೆ ಗೊತ್ತೇ ಇತ್ತು. ಹೇಗೆ ಗೊತ್ತಾಯಿತು ಅಂತ ಮಾತ್ರ ಗೊತ್ತಿರಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡುತ್ತಿಲ್ಲ, ಕೈ ಹಿಡಿದಿಲ್ಲ, ಇಬ್ಬರಿಗೂ ಮುಖವಿಲ್ಲ. ಗೆರೆ ಅವರನ್ನು ಜೊತೆ ಮಾಡಿತ್ತು.

ಅಲ್ಲಿಂದ ಹುಡುಕುತ್ತಾ ಹೋದೆ. ಹಂಚಿಕೊಂಡ ಗೆರೆಗಳು ಇನ್ನೂ ಹದಿನಾಲ್ಕು ಸಿಕ್ಕವು. ಒಬ್ಬನ ಬೆನ್ನು ಇನ್ನೊಬ್ಬನ ಎದೆ. ಮಗುವಿನ ತಲೆಯ ಉಬ್ಬು ತಾಯಿಯ ಚೀಲದ ತಳ. ಮತ್ತೆ ಕೆಲವು ಕಡೆ ಇದಕ್ಕೆ ಪೂರ್ತಿ ಉಲ್ಟಾ. ಹಿಂದಿನವನ ಗೆರೆ ಮುಂದಿನವನ ಗೆರೆಯನ್ನು ಮುಟ್ಟುವ ಮುಂಚೆಯೇ ನಿಂತುಬಿಡುತ್ತದೆ. ನಡುವೆ ಒಂದು ಕೂದಲಿನಷ್ಟು ಬಿಳಿ. ಅಂಥ ಕಡೆ ಹಿಂದಿನವನು ನಿಜಕ್ಕೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ. ಮುಟ್ಟಿದರೆ ಜೊತೆ, ಮುಟ್ಟದೆ ನಿಂತರೆ ದೂರ.

ಇದು ಯಾಕೆ ಮುಖ್ಯ ಅಂದರೆ, ಫೈನ್‌ಲೈನರಿಗೆ ದಪ್ಪ-ತೆಳು ಗೊತ್ತಿಲ್ಲ. ಒತ್ತಿದರೂ ಅದೇ ಗೆರೆ, ಹಗುರಾಗಿ ಹಿಡಿದರೂ ಅದೇ ಗೆರೆ. ಫ್ರಾನ್ಸಿನ ಆಲ್ಬೆರ್ ಮಾರ್ಕೆ (1875–1947) ಬೀದಿಯಲ್ಲಿ ಹೋಗುವವರನ್ನು ಕುಂಚ ಮತ್ತು ಮಸಿಯಿಂದ ನಾಲ್ಕಾರು ಗೀಟಿನಲ್ಲೇ ಹಿಡಿಯುತ್ತಿದ್ದರು. ಕುಂಚ ಒತ್ತಿದರೆ ಗೆರೆಗೆ ಹೊಟ್ಟೆ ಬರುತ್ತದೆ, ಎತ್ತಿದರೆ ಬಾಲ ಬರುತ್ತದೆ. ಆ ಒಂದು ಗೀಟಿನಲ್ಲೇ ಮೈಯ ಭಾರ ಸಿಗುತ್ತದೆ. ನಮ್ಮ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರ ನೋಡಿದವರಿಗೂ ಗೆರೆಯ ಓಟ ಅಂದರೇನು ಅಂತ ಬೇರೆ ಹೇಳಬೇಕಿಲ್ಲ. ಗೆಳತಿಯ ಕೈಯಲ್ಲಿದ್ದ ಪೆನ್ನಿಗೆ ದಪ್ಪವಾಗುವ ಗುಣವೇ ಇಲ್ಲ. ಹತ್ತಿರದವನನ್ನು ದಪ್ಪ ಗೆರೆಯಿಂದ ಮುಂದೆ ತರುವಂತಿಲ್ಲ. ಹಾಗಾಗಿ ಹತ್ತಿರ-ದೂರದ ಕೆಲಸವನ್ನೆಲ್ಲ ಆ ಕೂದಲಗಲದ ಬಿಳಿಗೆ ಒಪ್ಪಿಸಿದ್ದಾಳೆ.

ಭೂತಗನ್ನಡಿ ಹಿಡಿದು ಮೂಲ ಪುಟವನ್ನೇ ನೋಡಿದಾಗ ಇನ್ನೊಂದು ಕಂಡಿತು. ನಕಲಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಫೈನ್‌ಲೈನರನ್ನು ಕಾಗದದ ಮೇಲೆ ಇಟ್ಟು ಕೈ ತಡೆದರೆ ಮಸಿ ಹೀರಿಕೊಂಡು ಒಂದು ಸಣ್ಣ ಚುಕ್ಕೆ ಆಗುತ್ತದೆ. ಬೇಗ ಎಳೆದರೆ ಚುಕ್ಕೆ ಇಲ್ಲ, ತುದಿ ಒಣಗಿದಂತೆ ತೆಳ್ಳಗಾಗುತ್ತದೆ. ಅಂದರೆ ಅವಳು ಎಲ್ಲಿ ಯೋಚಿಸಿದಳು, ಎಲ್ಲಿ ಓಡಿದಳು ಅನ್ನುವುದು ಪುಟದ ಮೇಲೇ ಉಳಿದಿದೆ. ಮೈಯ ಉದ್ದದ ಗೆರೆಗಳಲ್ಲಿ ಚುಕ್ಕೆ ಇಲ್ಲವೇ ಇಲ್ಲ. ಒಬ್ಬರ ಗೆರೆ ಇನ್ನೊಬ್ಬರ ಹತ್ತಿರ ಬರುವ ಕಡೆಯೆಲ್ಲ ಚುಕ್ಕೆಗಳು. ಮನುಷ್ಯರನ್ನು ಓಡುತ್ತಾ ಬರೆದಿದ್ದಾಳೆ. ಮನುಷ್ಯರ ನಡುವಿನ ಜಾಗಕ್ಕೆ ಬಂದಾಗ ನಿಂತಿದ್ದಾಳೆ. ಒಂದು ಚುಕ್ಕೆ ಮಾತ್ರ ನಡುವಿನ ಖಾಲಿಯಲ್ಲಿ, ಕೆಳಗಿನ ಅಂಚಿನ ಹತ್ತಿರ ಒಂಟಿಯಾಗಿತ್ತು. ಪೆನ್ನು ತಾಗಿರಬೇಕು ಅಂತ ಬಿಟ್ಟೆ.

ಸ್ಕೇಲು ಇಟ್ಟು ಅಳೆದದ್ದು

ಇಷ್ಟು ಕಡಿಮೆ ಗೆರೆಯಲ್ಲಿ ಚೌಕ ಇಷ್ಟು ಆಳವಾಗಿ ಹೇಗೆ ಕಾಣುತ್ತದೆ? ನೆಲಕ್ಕೆ ಒಂದೂ ಗೆರೆ ಇಲ್ಲ. ಹಾಸುಗಲ್ಲಿಲ್ಲ, ನೆರಳಿಲ್ಲ. ಆದರೂ ಎಲ್ಲರೂ ಗಟ್ಟಿ ನೆಲದ ಮೇಲೆ ನಿಂತಿದ್ದಾರೆ.

ಸೂರಿನ ಗೆರೆಯನ್ನೂ ಬದಿಯ ಒಂದು ಕಟ್ಟೆಯ ಗೆರೆಯನ್ನೂ ಸ್ಕೇಲಿಟ್ಟು ಮುಂದುವರಿಸಿದೆ. ಪುಟದ ಎಡ ಅಂಚಿನ ಹತ್ತಿರ ಎರಡೂ ಸೇರಿದವು. ಆ ಬಿಂದುವಿನ ಮೂಲಕ ಅಡ್ಡ ಗೆರೆ ಎಳೆದರೆ ಅದು ಕಣ್ಣಮಟ್ಟ. ಬರೆಯುವವರ ಕಣ್ಣು ಎಷ್ಟು ಎತ್ತರದಲ್ಲಿತ್ತು ಅಂತ ಹೇಳುವ ಗೆರೆ. ಅದನ್ನು ಅವಳು ಪುಟದಲ್ಲಿ ಎಳೆದಿಲ್ಲ. ಅದು ಎಲ್ಲ ತಲೆಗಳ ಮೇಲೆ ಹಾದುಹೋಗುತ್ತದೆ. ಅಂದರೆ ಅವಳು ಮೆಟ್ಟಿಲ ಮೇಲೋ ಕಟ್ಟೆಯ ಮೇಲೋ ನಿಂತಿದ್ದಳು.

ಇಲ್ಲಿ ಒಂದು ಸರಳ ಲೆಕ್ಕ ಇದೆ. ನೆಲ ಸಮತಟ್ಟಾಗಿದ್ದು ನೀವೂ ಆ ನೆಲದ ಮೇಲೇ ನಿಂತಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಹತ್ತಿರದವರಾಗಲಿ ದೂರದವರಾಗಲಿ, ಪಾದ ಮಾತ್ರ ಮೇಲೆ ಕೆಳಗೆ ಆಗುತ್ತದೆ. ನೀವು ಮೇಲೆ ಹತ್ತಿ ನಿಂತರೆ ತಲೆಗಳು ಕಣ್ಣಮಟ್ಟದಿಂದ ಕೆಳಗಿಳಿಯುತ್ತವೆ, ಆದರೆ ಬೇಕಾಬಿಟ್ಟಿ ಇಳಿಯುವುದಿಲ್ಲ. ನಿಮ್ಮ ಕಣ್ಣು ನೆಲದಿಂದ ಎರಡು ಆಳೆತ್ತರದಲ್ಲಿದ್ದರೆ, ಚಿತ್ರದಲ್ಲಿ ಪ್ರತಿಯೊಬ್ಬರ ಎತ್ತರವೂ ಅವರ ಪಾದದಿಂದ ಕಣ್ಣಮಟ್ಟದವರೆಗಿನ ದೂರದ ಅರ್ಧ ಇರಬೇಕು. ಮುಂದಿನವರಿಗೂ ಅದೇ ಅರ್ಧ, ಕೊನೆಯವರಿಗೂ ಅದೇ ಅರ್ಧ.

ಟೋಪಿಯವನನ್ನು ಅಳೆದೆ. 6 ಸೆಂಟಿಮೀಟರ್. ಪಾದದಿಂದ ಕಣ್ಣಮಟ್ಟಕ್ಕೆ 12. ನಡುವಿನ ಒಬ್ಬಳು ಎರಡೂವರೆ ಸೆಂಟಿಮೀಟರ್, ಪಾದದಿಂದ ಮೇಲಕ್ಕೆ 5ಕ್ಕೆ ಒಂದು ಕೂದಲು ಕಡಿಮೆ. ಕಮಾನಿನ ಬುಡದ ಒಬ್ಬ ಅರ್ಧ ಸೆಂಟಿಮೀಟರ್, ಮೇಲಕ್ಕೆ 1. ಸ್ಕೇಲು ಹಿಡಿದು ಬರೆದ ಚಿತ್ರ ಅಲ್ಲ ಇದು. ನಿಂತು, ಕೈಯಲ್ಲಿ ಪುಸ್ತಕ ಹಿಡಿದು ಬರೆದದ್ದು. ಕಣ್ಣು ತನ್ನಷ್ಟಕ್ಕೆ ಲೆಕ್ಕ ಇಟ್ಟಿದೆ. ಸೊಂಟದ ಕೆಳಗೆ ಏನೂ ಇಲ್ಲದ ಆ ಎಡಗಡೆಯವನು ಗಾಳಿಯಲ್ಲಿ ತೇಲದೆ ನಿಂತಿರುವುದೂ ಇದಕ್ಕೇ. ಅವನ ತಲೆ ಸರಿಯಾದ ಜಾಗದಲ್ಲಿದೆ, ಅಗಲ ಸರಿಯಾಗಿದೆ. ಕಾಲನ್ನು ನಮ್ಮ ಕಣ್ಣೇ ನೆಲ ಮುಟ್ಟಿಸುತ್ತದೆ.

ಇನ್ನೊಂದು ಲೆಕ್ಕವೂ ಹಾಕಿದೆ. 35 ನಿಮಿಷಕ್ಕೆ 2100 ಸೆಕೆಂಡು. 58 ಜನ. ಕಟ್ಟಡದ ಸಮಯ ತೆಗೆಯದೇ ಇದ್ದರೂ ಒಬ್ಬರಿಗೆ 36 ಸೆಕೆಂಡು. ನಡೆಯುವ ಮನುಷ್ಯ ಒಂದೇ ಭಂಗಿಯಲ್ಲಿ ಒಂದು ಸೆಕೆಂಡೂ ಇರುವುದಿಲ್ಲ. ಹಾಗಿದ್ದ ಮೇಲೆ ಟೋಪಿಯವನ ಟೋಪಿ ಒಬ್ಬನದು, ಕಾಲು ಇನ್ನೊಬ್ಬನದು ಇರಲೇಬೇಕು. ಮೊದಲು ಹೋದವನು ಬಿಟ್ಟುಹೋದ ನಡಿಗೆಯನ್ನು ಹಿಂದೆ ಬಂದವನು ತುಂಬಿಕೊಟ್ಟಿದ್ದಾನೆ. ಈ ಯೋಚನೆ ನನಗೆ ಬಹಳ ಇಷ್ಟವಾಯಿತು. ಆ ಚೌಕದಲ್ಲಿ ಅಂದು ನಡೆದ ಇನ್ನೂರೋ ಮುನ್ನೂರೋ ಜನ ಸೇರಿ ಈ 58 ಜನ ಆಗಿದ್ದಾರೆ.

ನಡಿಗೆಯ ಬಗ್ಗೆ ಒಂದು ಮಾತು. ಸ್ವೀಡನ್ನಿನ ಮನಃಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕತ್ತಲಲ್ಲಿ ಒಬ್ಬರ ಕೀಲುಗಳ ಮೇಲೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆಗಳನ್ನಷ್ಟೇ ಕಾಣುವಂತೆ ಮಾಡಿದರೆ, ಅವರು ನಡೆದ ಕೂಡಲೇ ನೋಡುವವರಿಗೆ ಮನುಷ್ಯ ಅಂತ ತಿಳಿದುಬಿಡುತ್ತದೆ. ಚುಕ್ಕೆಗಳು ನಿಂತರೆ ಆ ಮನುಷ್ಯ ಕಾಣೆ. ನಡೆಯುವ ಮೈಯನ್ನು ಗುರುತಿಸಲು ನಮಗೆ ಅಷ್ಟು ಕಡಿಮೆ ಸಾಕು. ಕಾಗದದ ಮೇಲೆ ಮಾತ್ರ ಎಲ್ಲವೂ ನಿಂತಿರುತ್ತದೆ. ಹಾಗಾಗಿ ಚಲನೆಯನ್ನು ಗೆರೆಯ ಓರೆಯಲ್ಲೇ ಕೊಡಬೇಕು. ಗೆಳತಿಯ 58 ಜನರಲ್ಲಿ ಲಂಬವಾಗಿ ನೆಟ್ಟಗೆ ನಿಂತವರು ಏಳೇ ಮಂದಿ. ಉಳಿದವರೆಲ್ಲ ಹೋಗುವ ಕಡೆಗೆ ಒಂದಿಷ್ಟು ಬಾಗಿದ್ದಾರೆ, ತಲೆ ಊರಿದ ಪಾದಕ್ಕಿಂತ ಮುಂದಿದೆ. ಆ ಏಳು ಮಂದಿಯೂ ಯಾರಿಗೋ ಕಾಯುತ್ತಿರುವವರು ಅಂತ ಯಾರಾದರೂ ಹೇಳುತ್ತಾರೆ.

ಕೆಡಿಸಿ ನೋಡಿದ್ದು

ಮೂರನೇ ವಾರ ನಕಲುಗಳನ್ನು ಒಂದೊಂದಾಗಿ ಕೆಡಿಸಿದೆ. ಮುಗಿದಿಲ್ಲ ಅನ್ನುವುದಾದರೆ ಮುಗಿಸಿಯೇ ನೋಡೋಣ ಅಂತ. ಅದೇ ಪೆನ್ನು, ಅದೇ 0.3.

ಮೊದಲ ನಕಲಿನಲ್ಲಿ ಮುಂದಿನ ಎಂಟು ಜನರಿಗೆ ಕಣ್ಣು, ಮೂಗು, ಬಾಯಿ ಬರೆದೆ. ಜಾಗ್ರತೆಯಿಂದಲೇ ಬರೆದೆ. ಮುಗಿಸಿ ದೂರ ಇಟ್ಟು ನೋಡಿದರೆ ಚೌಕ ಇಲ್ಲ, ಎಂಟು ಜನ ಇದ್ದಾರೆ. ಕಣ್ಣು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಾರುತ್ತದೆ, ನಡುವಿನ ದಾರಿಯಲ್ಲಿ ಇಳಿಯುವುದೇ ಇಲ್ಲ. ಜನಜಂಗುಳಿಯಲ್ಲಿ ನಡೆಯುವಾಗ ನಾವು ಯಾರ ಮುಖವನ್ನೂ ಅಷ್ಟು ನೋಡುವುದಿಲ್ಲ ಅಲ್ವಾ? ಮೈ ತಾಗದಂತೆ ಹೋಗುವುದಷ್ಟೇ ನಮ್ಮ ಗಮನ.

ಎರಡನೇ ನಕಲಿನಿಂದ ಕಲಿತಷ್ಟು ನಾನು ಇನ್ಯಾವುದರಿಂದಲೂ ಕಲಿತಿಲ್ಲ. ಅವಳ ಹೊರಗೆರೆಗಳು ಬಹಳ ಕಡೆ ತೆರೆದಿವೆ. ಭುಜ ಶುರುವಾಗಿ ಅರ್ಧಕ್ಕೆ ಮಾಯ. ತಲೆಯ ದುಂಡು ಮುಕ್ಕಾಲು ಮಾತ್ರ. ಇವನ್ನೆಲ್ಲ ಮುಚ್ಚುತ್ತಾ ಹೋದೆ. ಇಪ್ಪತ್ತು ಜನರನ್ನು ಮುಚ್ಚುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ನನ್ನ ಕೈ ಪ್ರತಿ ಸಲವೂ ಆಕೃತಿಯ ಎಡಗಡೆಗೇ ಹೋಗುತ್ತಿದೆ. ತೆರೆದ ಭುಜ ಎಡಭುಜ. ತೆರೆದ ತಲೆ ಎಡಗಡೆಯ ಮೇಲ್ಭಾಗ. ಚೀಲಗಳೂ ಎಡಕ್ಕೇ ತೆರೆದಿವೆ. ಗಡಿಯಾರದ ವೃತ್ತ ಕೂಡ.

ಎಡಗಡೆಯಿಂದ ಬಿಸಿಲು ಬೀಳುತ್ತಿತ್ತು! ಬಿಸಿಲು ತಾಗುವ ಕಡೆ ಅಂಚು ಕಣ್ಣಿಗೆ ಕರಗಿಹೋಗುತ್ತದೆ, ಅದನ್ನು ಹಾಗೇ ಬಿಟ್ಟಿದ್ದಾಳೆ. ನೆರಳಿಲ್ಲ ಅಂತ ನಾನು ಅಂದುಕೊಂಡಿದ್ದ ಚಿತ್ರದಲ್ಲಿ ಬೆಳಕು ತುಂಬಿತ್ತು. ಕೆಡಿಸಿದ ನಕಲನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟೆ. ನನ್ನ ನಕಲಿನಲ್ಲಿ ಮೋಡ ಕವಿದಿತ್ತು. ಜನರು ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಕಂಡರು. ಮೂಲದಲ್ಲಿ ಅವರು ಸಂಜೆಯ ಓರೆ ಬಿಸಿಲಿನಲ್ಲಿ ನಡೆಯುತ್ತಿದ್ದರು. ಒಂದೇ ಒಂದು ಗೆರೆ ಜಾಸ್ತಿ ಹಾಕದೆ ಬಿಸಿಲು ಬರೆಯಬಹುದು ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮತ್ತೊಂದರಲ್ಲಿ ಬಟ್ಟೆಗಳಿಗೆಲ್ಲ ಒತ್ತೊತ್ತು ಗೀಟಿನ ಹ್ಯಾಚಿಂಗ್ ಮಾಡಿದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದು ಬೇರೆ ಚಿತ್ರ. ಹ್ಯಾಚಿಂಗ್ ತಪ್ಪು ಅನ್ನುತ್ತಿಲ್ಲ, ಅದನ್ನು ಪ್ರೀತಿಯಿಂದ ಮಾಡುವವರ ಚಿತ್ರಗಳು ನನಗೂ ಇಷ್ಟ. ಈ ಪುಟಕ್ಕೆ ಮಾತ್ರ ಅದರಿಂದ ಕೂದಲಗಲದ ಬಿಳಿಗಳು ಕಳೆದುಹೋದವು. ಅವು ಹೋದ ಮೇಲೆ ಯಾರು ಮುಂದೆ ಯಾರು ಹಿಂದೆ ಅಂತ ಹುಡುಕಬೇಕಾಯಿತು.

ಕೊನೆಗೆ ನಡುವಿನ ಖಾಲಿ. ಅಲ್ಲಿ ಆರು ಜನರನ್ನು ಬರೆದೆ. ಅವಳ ಲೆಕ್ಕವನ್ನೇ ಹಿಡಿದೆ, ಪಾದದಿಂದ ಕಣ್ಣಮಟ್ಟದ ಅರ್ಧ. ಎಡಗಡೆ ತೆರೆದೇ ಬಿಟ್ಟೆ. ಹೋಗುವ ಕಡೆಗೆ ಬಾಗಿಸಿದೆ. ಕಲಿತದ್ದನ್ನೆಲ್ಲ ಹಾಕಿದೆ. ಆರೂ ಜನ ನಿಜಕ್ಕೂ ಚೆನ್ನಾಗಿ ಬಂದರು.

ಆದರೂ ಚಿತ್ರ ಸತ್ತುಹೋಯಿತು. ಯಾಕೆ ಅಂತ ತಿಳಿಯಲಿಲ್ಲ. ಎರಡು ದಿನ ಗೋಡೆಗೆ ಅಂಟಿಸಿ ನೋಡಿದೆ. ನನ್ನ ಆರು ಜನರಲ್ಲಿ ದೋಷವಿರಲಿಲ್ಲ. ಅವರ ಸುತ್ತ ಇದ್ದ ಅವಳ ಜನರೇ ವಿಚಿತ್ರವಾಗಿ ಕಾಣತೊಡಗಿದ್ದರು. ಒಬ್ಬ ಕಾರಣವಿಲ್ಲದೆ ಉದ್ದ ಹೆಜ್ಜೆ ಹಾಕಿದ್ದಾನೆ. ಒಬ್ಬಳು ಕಾರಣವಿಲ್ಲದೆ ಬಾಗಿದ್ದಾಳೆ. ಇಬ್ಬರು ಎದುರಿನವರಿಗೆ ಡಿಕ್ಕಿ ಹೊಡೆಯುವಂತೆ ಅಡ್ಡ ತಿರುಗಿದ್ದಾರೆ.

ಖಾಲಿಯ ಅಂಚಿನಲ್ಲಿ

ಮೂಲ ಪುಟಕ್ಕೆ ಮರಳಿದೆ. ಈ ಸಲ ಜನರನ್ನು ಬಿಟ್ಟು ಖಾಲಿಯ ಅಂಚನ್ನೇ ಬೆರಳಿನಿಂದ ಸುತ್ತಿದೆ. ಅಂಚಿಗೆ ಗೆರೆ ಇಲ್ಲ. ಇರುವುದು ಪಾದಗಳು. ಅಲ್ಲಿವರೆಗೂ ನಾನು ಗಮನಿಸದೇ ಇದ್ದದ್ದು ಇದು: ಪುಟದಲ್ಲಿ ಎರಡೂ ಪಾದ ಸಿಕ್ಕ 19 ಜನರಲ್ಲಿ 11 ಮಂದಿ ಈ ಖಾಲಿಯ ಸುತ್ತಲೇ ಇದ್ದಾರೆ. ಬೇರೆ ಕಡೆ ಕಾಲನ್ನೇ ಬಿಟ್ಟವಳು ಇಲ್ಲಿ ಒಬ್ಬರ ಕಾಲನ್ನೂ ಬಿಟ್ಟಿಲ್ಲ.

ಉದ್ದ ಹೆಜ್ಜೆಯವನ ಹಿಂಗಾಲು ಖಾಲಿಯ ಈಚೆ, ಮುಂಗಾಲು ಅದರ ಒಂದು ಕಿರಿದಾದ ಮೂಲೆಯ ಆಚೆ. ಬಾಗಿದವಳು ಒಂದು ಕೈಯಿಂದ ಉಡುಪಿನ ಅಂಚನ್ನು ಎತ್ತಿ ಹಿಡಿದಿದ್ದಾಳೆ. ಆ ಕೈ ಬರೀ ಎರಡು ಗೀಟು. ಒಂದು ಮಗುವಿನ ತೋಳು ಮೇಲಕ್ಕೆ ಚಾಚಿ ಬಿಗಿಯಾಗಿದೆ. ಮಗುವಿನ ಮೈ ಖಾಲಿಯ ಕಡೆಗೆ ವಾಲಿದೆ, ಹಿಡಿದವರ ಮೈ ಆಚೆ ಕಡೆಗೆ. ಅಡ್ಡ ತಿರುಗಿದ ಇಬ್ಬರು ಬಳಸಿಕೊಂಡು ಹೋಗುತ್ತಿದ್ದಾರೆ. ಮೊದಲ ದಿನವೇ ಎಣಿಸಿ, ಕೊಡೆ ಅಂತ ಹೆಸರು ಹೇಳಿ ಮುಂದೆ ಹೋಗಿದ್ದೆನಲ್ಲ, ಆ ಕೊಡೆಗಳು ನಾಲ್ಕೂ ಮಡಚಿದವು.

ಮಳೆ ಬಂದು ನಿಂತಿದೆ. ಬಿಸಿಲು ಬಿದ್ದಿದೆ. ಚೌಕದ ನಡುವೆ ನೀರು ನಿಂತಿದೆ.

ತಿಂಗಳು ಮುಗಿಯಲು ಇನ್ನೂ ನಾಲ್ಕು ದಿನ ಇತ್ತು. ಕಾಯಲಾಗಲಿಲ್ಲ, ಫೋನ್ ಮಾಡಿದೆ. "ಅಲ್ಲಿ ನೀರು ನಿಂತಿತ್ತಾ?" ಅಂತ ಕೇಳಿದೆ. ಅವಳಿಗೆ ಬಹಳ ಖುಷಿಯಾಯಿತು ಅಂತ ದನಿಯಲ್ಲೇ ಗೊತ್ತಾಯಿತು. "ಇಡೀ ಕೊಳ. ಮಳೆ ನಿಂತು ಹತ್ತು ನಿಮಿಷ ಆಗಿತ್ತು" ಅಂದಳು. ಟೋಪಿ ಮತ್ತು ಕಾಲಿನ ಬಗ್ಗೆಯೂ ಕೇಳಿದೆ. ಟೋಪಿಯವನು ಎರಡೇ ಕ್ಷಣ ಸಿಕ್ಕಿದ್ದನಂತೆ. ಕಾಲು ಆಮೇಲೆ ಬಂದ ಮೂವರದು.

"ನೀರಿಗೆ ಒಂದು ಗೆರೆಯಾದರೂ ಹಾಕಬೇಕು ಅನ್ನಿಸಲಿಲ್ವಾ?" ಅಂದೆ.

"ಹಾಕೋಣ ಅಂತ ಪೆನ್ನು ಇಟ್ಟೆ. ಸುತ್ತ ಹೋಗುವವರ ಕಾಲು ನೋಡಿದೆ. ಬೇಡ ಅನ್ನಿಸಿತು, ಎತ್ತಿಬಿಟ್ಟೆ."

ಫೋನ್ ಹಿಡಿದುಕೊಂಡೇ ಭೂತಗನ್ನಡಿ ತೆಗೆದುಕೊಂಡೆ. ಖಾಲಿಯ ಕೆಳಗಿನ ಅಂಚಿನಲ್ಲಿ ಆ ಒಂಟಿ ಚುಕ್ಕೆ ಇತ್ತು. ಅರ್ಧ ಮಿಲಿಮೀಟರ್ ಇರಬಹುದು. ಮಸಿ ಸ್ವಲ್ಪ ಹೀರಿಕೊಂಡು, ಅಂಚು ಮೆತ್ತಗಾಗಿತ್ತು.